ಕೂದಲೆಳೆ ಮೇಸ್ತ್ರಿಯ ಅಕ್ಕನ ಪೆಟ್ಟಿಗೆ

ನಮ್ಮ ಚರ್ಚಿನ ಸಮಾಧಿ ತೋಟದಲ್ಲಿ ಗುಂಡಿ ತೋಡುವವನು ನಾನು. ಶವಪೆಟ್ಟಿಗೆ ಮಾಡುವವನು ಕೂದಲೆಳೆ ಮೇಸ್ತ್ರಿ. ಅವನಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಆದರೆ ಯಾವ ಹಲಗೆ ಕಂಡರೂ "ಕೂದಲೆಳೆಯಷ್ಟು ಹೆಚ್ಚಾಯ್ತು" ಅನ್ನುವವನಿಗೆ ಬೇರೆ ಹೆಸರು ಯಾಕೆ ಬೇಕು? ಮೂವತ್ತೈದು ವರ್ಷದಿಂದ ನನ್ನ ಗುಂಡಿ ಹೊತ್ತಿಗೆ ಮುಂಚೆ ಸಿದ್ಧ, ಅವನ ಪೆಟ್ಟಿಗೆ ಹೊತ್ತು ಮೀರಿದ ಮೇಲೆ ಸಿದ್ಧ. ಕೇಳಿದರೆ "ಸತ್ತೋರಿಗೇನು ಅವಸರ?" ಅನ್ನುತ್ತಿದ್ದ. ಬಿಸಿಲಲ್ಲಿ ಗುದ್ದಲಿ ಹಿಡಿದು ನಿಂತವನಿಗೆ ಅವಸರ ಇತ್ತು.

ಕೆಲಸದಲ್ಲಿ ಮಾತ್ರ ಬೆರಳಿಟ್ಟು ತೋರಿಸುವಂಥದ್ದು ಏನೂ ಇರುತ್ತಿರಲಿಲ್ಲ. ಮೂಲೆಗಳಲ್ಲಿ ಕೂಡಿಕೆಯ ಗೆರೆ ಕಾಣುತ್ತಿರಲಿಲ್ಲ. ತಳದ ಹಲಗೆಯ ಹೊರಮೈಯನ್ನೂ ಮೂರು ಸಲ ಉಜ್ಜಿ ನುಣುಪು ಮಾಡುತ್ತಿದ್ದ. ಅಷ್ಟೆಲ್ಲ ಮಾಡಿದ್ದನ್ನು ಅರ್ಧ ಗಂಟೆಯಲ್ಲಿ ಮಣ್ಣು ಮುಚ್ಚುವುದು ನನ್ನ ಕೆಲಸ. ಅದಕ್ಕೇ ಅವನಿಗೆ ನನ್ನ ಮೇಲೆ ಒಳಗೊಳಗೇ ಸಿಟ್ಟಿತ್ತು ಎಂದು ನನ್ನ ಅನುಮಾನ.

ಒಮ್ಮೆ ಶವಸಂಸ್ಕಾರದ ಪ್ರಾರ್ಥನೆಯ ನಡುವೆ ಎದ್ದು ಹೋಗಿ, ಜೇಬಿನಿಂದ ಸಣ್ಣ ಉಜ್ಜುಗೊರಡು ತೆಗೆದು, ಮುಚ್ಚಳದ ಅಂಚನ್ನು ಎರಡು ಸಲ ಉಜ್ಜಿದ. ಒಳಗೆ ಅಂಚೆ ಕಚೇರಿಯ ನಿವೃತ್ತ ಗುಮಾಸ್ತರಿದ್ದರು. ಅವರ ಹೆಂಡತಿ ಅಳು ನಿಲ್ಲಿಸಿ ನೋಡಿದರು. ಪಾದ್ರಿಗಳು ಓದಿದ ಸಾಲನ್ನೇ ಇನ್ನೊಮ್ಮೆ ಓದಿ ಮುಂದುವರಿದರು.

ಇಂಥವನಿಗೆ ಸಿಕ್ಕ ಅಳಿಯ ಒಳ್ಳೆಯ ಮನುಷ್ಯ. ಮರಗೆಲಸ ಬಲ್ಲವನು. ಮದುವೆಯಾದ ಮೇಲೆ ಮಾವನ ಮನೆಯಲ್ಲೇ ಇದ್ದು ಅವನ ಜೊತೆ ದುಡಿಯುತ್ತಿದ್ದ. ಎಳೆದ ಗೆರೆಯ ಮೇಲೇ ಕೊಯ್ಯುತ್ತಿದ್ದ, ಹೆಚ್ಚು ಕಮ್ಮಿ. ಆ ಹೆಚ್ಚು ಕಮ್ಮಿಯಲ್ಲೇ ಇದ್ದದ್ದು ತಾಪತ್ರಯ. ಆರು ವರ್ಷ ಅವನು ಕೂಡಿಸಿದ್ದನ್ನೆಲ್ಲ ಮಾವ ಬಿಚ್ಚಿ ಮತ್ತೆ ಕೂಡಿಸಿದ, ಅದೂ ಬಂದವರ ಎದುರಿಗೇ. ಮೊಸರಲ್ಲಿ ಕಲ್ಲು ಹುಡುಕುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇವನು ಕಲ್ಲು ಸಿಗುವವರೆಗೆ ಊಟಕ್ಕೆ ಏಳದವನು.

ಒಂದು ದಿನ ನನ್ನೆದುರಿಗೇ ಅಳಿಯ ಬಾಯಿಬಿಟ್ಟ. ದನಿ ಏರಿಸಲಿಲ್ಲ.

"ಮಾವ, ಇನ್ನೊಂದ್ಸಲ ನಾಲ್ಕು ಜನರೆದುರು ನನ್ನ ಕೆಲ್ಸ ಹೀಗಳೆದ್ರೆ, ಇವಳನ್ನೂ ಮಗೂನೂ ಕರ್ಕೊಂಡು ಬೇರೆ ಊರಿಗೆ ಹೋಗ್ತೀನಿ. ಎಲ್ಲಾದ್ರೂ ಬಾಗಿಲು ಕಿಟಕಿ ಮಾಡ್ಕೊಂಡಿರ್ತೀನಿ."

ಮಗಳು ಗಂಡನ ಪಕ್ಕ ನಿಂತಿದ್ದಳು. ಮೇಸ್ತ್ರಿ ಮೊಮ್ಮಗಳ ಕಡೆ ಒಮ್ಮೆ ನೋಡಿ, ಕೈಲಿದ್ದ ಹಲಗೆಯನ್ನು ಅಳೆದ. ಆಮೇಲೆ ಅದನ್ನೇ ಇನ್ನೂ ನಾಲ್ಕು ಸಲ ಅಳೆದ.

ಅದಾಗಿ ಹತ್ತು ದಿನಕ್ಕೆ ತಾನೇ ಉಜ್ಜಿದ ಮರದ ಸಿಪ್ಪೆಯ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡ. ಮರುವಾರ ಅವನ ಅಕ್ಕ ತೀರಿಕೊಂಡಳು. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾರು. ಸಾಕಿದವಳು ಅವಳೇ. ಅವಳ ಪೆಟ್ಟಿಗೆಯನ್ನು ಅಳಿಯನೇ ಮಾಡಬೇಕಾಯಿತು, ಬೇರೆ ದಾರಿ ಇರಲಿಲ್ಲ. ಮೇಸ್ತ್ರಿ ಕಟ್ಟು ಹಾಕಿದ ಕೈಯನ್ನು ಎದೆಗೆ ಆನಿಸಿಕೊಂಡು, ಕೆಲಸದ ಕೋಣೆಯ ಕಡೆ ಸುಳಿಯದೆ ಅಕ್ಕನ ಮನೆಗೆ ಬಂದು ಕೂತ. ಬೆಂಚು ಸಾಗಿಸಲು ನಾನೂ ಅಲ್ಲಿಗೆ ಹೋಗಿದ್ದೆ.

ಅವನು ಕೂತಿದ್ದು ಅಡುಗೆಮನೆಯ ಒಂದು ಹಳೇ ಸ್ಟೂಲಿನ ಮೇಲೆ. ಅದು ಗಡಗಡ ಅಲುಗಾಡಿತು. ಒಂದು ಕಾಲಿನ ಕೆಳಗೆ ಮಡಿಸಿಟ್ಟ ಕಾಗದ ಪಕ್ಕಕ್ಕೆ ಸರಿದಿತ್ತು.

"ಯಾರಪ್ಪ ಮಾಡಿದ್ದು ಇದನ್ನ?" ಅಂದೆ.

"ನಾನೇ. ಹನ್ನೆರಡು ವರ್ಷದವನಿದ್ದಾಗ. ನಾಲ್ಕು ಕಾಲಿಗೂ ನಾಲ್ಕು ಅಳತೆ."

"ಸರಿ ಮಾಡಿಕೊಡ್ಬಾರ್ದಿತ್ತಾ?"

"ಐವತ್ತು ವರ್ಷದಿಂದ ಕೇಳ್ತಾನೇ ಇದ್ದೆ. ಕೊಡ್ಲೇ ಇಲ್ಲ ಅವಳು. ಹೋದ ತಿಂಗಳು ಬೈದೂಬಿಟ್ಳು. 'ಬಿಡೋ, ಇದ್ದ ಹಾಗೇ ಇರ್ಲಿ. ಯೇಸು ಸ್ವಾಮಿ ನನ್ನನ್ನೇನು ರಿಪೇರಿ ಮಾಡ್ಸಿ ಆಮೇಲೆ ಒಳಗೆ ಕರ್ಕೊಂಡ್ರಾ? ಇದ್ದ ಹಾಗೇ ಕರ್ಕೊಂಡ್ರು. ನಿನ್ನನ್ನೂ ಅಷ್ಟೇ' ಅಂದ್ಳು."

ಅವನು ಬಗ್ಗಿ ಎಡಗೈಯಲ್ಲಿ ಆ ಕಾಗದವನ್ನು ಕಾಲಿನ ಕೆಳಗೆ ತುರುಕಲು ನೋಡಿದ. ಆಗಲಿಲ್ಲ. ಬಗ್ಗಿದವನು ಹಾಗೇ ಅಳತೊಡಗಿದ. ಅವನನ್ನು ಅಷ್ಟು ವರ್ಷ ಬೈದುಕೊಂಡಿದ್ದ ನಾನು ಅವನ ಪಕ್ಕ ನೆಲಕ್ಕೆ ಕೂತೆ. ಕಾಗದವನ್ನು ನಾನೇ ಸರಿಪಡಿಸಿದೆ.

ಮಧ್ಯಾಹ್ನ ಹೇಳಿದ ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ಚರ್ಚಿಗೆ ಬಂತು. ಪೆಟ್ಟಿಗೆ ಹೇಗೂ ತಡ ಎಂಬ ಹಳೇ ಅನುಭವದ ಮೇಲೆ ಅವತ್ತೊಂದು ದಿನ ಗುಂಡಿಯನ್ನು ಅರ್ಧಕ್ಕೇ ಬಿಟ್ಟಿದ್ದೆ. ಮಾನ ಹೋಗುವ ಮೊದಲು ಓಡಿಹೋಗಿ ಮುಗಿಸಿ, ಕೈ ತೊಳೆದು ಒಳಗೆ ಬಂದಾಗ ಹಾಡು ನಡೆದಿತ್ತು. ಮುಚ್ಚಳ ತಲೆಯ ಕಡೆ ಒಂದು ಉಗುರಿನಷ್ಟು ಎದ್ದಿತ್ತು. ಬೇರೆ ಊರಿನವರಾದರೆ ಗಮನಿಸುತ್ತಿರಲಿಲ್ಲ. ನಮಗೆ ಮೂವತ್ತೈದು ವರ್ಷದ ತರಬೇತಿ ಇತ್ತು, ಎಲ್ಲರಿಗೂ ಕಂಡಿತು.

ಹಾಡು ಮುಗಿಯಿತು. ಮೇಸ್ತ್ರಿ ಎದ್ದ. ಪಾದ್ರಿಗಳು ಓದಬೇಕಾದ ಸಾಲಿನ ಮೇಲೆ ಮುಂಜಾಗ್ರತೆಯಾಗಿ ಬೆರಳಿಟ್ಟುಕೊಂಡು ನಿಂತರು. ಬಾಗಿಲ ಹತ್ತಿರ ಅಳಿಯ ತಲೆ ತಗ್ಗಿಸಿದ. ಮಗಳು ನೆಲದ ಮೇಲೆ ಆಡುತ್ತಿದ್ದ ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು, ಹೊರಡುವವರ ಹಾಗೆ.

ಮೇಸ್ತ್ರಿ ಎದ್ದಿದ್ದ ಅಂಚಿನ ಮೇಲೆ ಎಡಗೈ ಹೆಬ್ಬೆರಳು ಆಡಿಸಿದ. ಎಷ್ಟು ಎದ್ದಿದೆ ಎಂದು ಅವನಿಗೆ ಕೂದಲೆಳೆಯ ಲೆಕ್ಕದಲ್ಲಿ ಗೊತ್ತಾಗಿರಬೇಕು. ಆಮೇಲೆ ನಮ್ಮ ಕಡೆ ತಿರುಗಿದ.

"ಇದು ನಮ್ಮ ಅಳಿಯ ಮಾಡಿದ್ದು," ಅಂದ. ಹೆಬ್ಬೆರಳನ್ನು ಅಂಚಿನಿಂದ ತೆಗೆದು, "ನನ್ನದನ್ನೂ ಅವನೇ ಮಾಡ್ಬೇಕು," ಅಂದ.

ಅಳಿಯ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಪ್ರಾರ್ಥನೆ ಮುಗಿದು ಪೆಟ್ಟಿಗೆ ಎತ್ತಲು ನಾವು ಬಗ್ಗಿದಾಗ ಮೇಸ್ತ್ರಿ, "ತಡೀರಿ, ಅವನು ಬರ್ಲಿ," ಅಂದ. ನಾವು ಕೈ ತೆಗೆದು ನಿಂತೆವು.

ಅಳಿಯ ಮುಖ ಒರೆಸಿಕೊಂಡು ಬಂದು ಮುಂದಿನ ತುದಿ ಹಿಡಿದ. ಮೇಸ್ತ್ರಿ ಕಟ್ಟು ಹಾಕಿದ ಕೈಯನ್ನು ನೋಡಿಕೊಂಡು ದಾರಿ ಬಿಟ್ಟು ಹಿಂದೆ ಸರಿಯುತ್ತಿದ್ದ.

"ಬನ್ನಿ ಮಾವ, ನೀವೂ ಹಿಡೀರಿ," ಅಂದ ಅಳಿಯ. "ಎಡಗೈ ಸಾಕು."