ಡಬ್ಬಿಯಲ್ಲಿ ತಂದ ಜೀರುಂಡೆಗಳು

ಕಮಲಾಪುರದ ಹೊರಗಿನ ಗವಿಯಿಂದ ಬಾವಲಿಗಳ ಹಿಕ್ಕೆ ತಂದು ಕೆಂಪು ಬಾಳೆಗೆ ಹಾಕುವುದು ಮಲ್ಕಪ್ಪನ ಮನೆತನದ ವಾಡಿಕೆ. ಹಿಕ್ಕೆಯನ್ನು ಗವಿಯಲ್ಲೇ ಜರಡಿ ಹಿಡಿಯಬೇಕು. ಜರಡಿಯಲ್ಲಿ ಉಳಿದ ಕರಿ ಜೀರುಂಡೆಗಳನ್ನೂ ಅವುಗಳ ಮರಿಹುಳುಗಳನ್ನೂ ಅಲ್ಲೇ ಸುರಿದು ಬರಬೇಕು. ಅವು ಹಿಕ್ಕೆಯಲ್ಲಿ ಹುಟ್ಟಿ, ಹಿಕ್ಕೆಯನ್ನೇ ತಿಂದು, ಅದನ್ನು ಹುಡಿಗೊಬ್ಬರ ಮಾಡಿ ಕೊಡುವಂಥವು. "ಅವರ ಮನಿ ಅವರಿಗೆ ಬಿಟ್ಟು ಬಾರೋ," ಎನ್ನುತ್ತಿದ್ದಳು ತಾಯಿ.

ಈ ವರ್ಷ ಬಾಳೆಗಿಡಗಳು ಬುಡ ಟೊಳ್ಳಾಗಿ ಉರುಳಿದವು. ಗಡ್ಡೆ ಸೀಳಿದರೆ ಒಳಗೆ ಕರಿ ಹುಳು! ಹಿಕ್ಕೆಯ ಜೊತೆಗೆ ತಾನೇ ಕಳ್ಳನನ್ನು ಹೊತ್ತು ತಂದೆನೆಂದು ಮಲ್ಕಪ್ಪ ನಂಬಿಬಿಟ್ಟ. ಸಿಟ್ಟಿನ ಭರದಲ್ಲಿ ವಿಷದ ಪುಡಿ ಒಯ್ದು ಗವಿಯ ತುಂಬ ಎರಚಿದ.

ಮರುದಿನ ಸಂಜೆ ಬಾವಲಿಗಳು ಹೊರಬೀಳಲಿಲ್ಲ. ಒಳಗೆ ಹೋಗಿ ನೋಡಿದರೆ ಕೆಲವು ರೆಕ್ಕೆ ಹರವಿ ಸತ್ತುಬಿದ್ದಿದ್ದವು. ಉಳಿದವು ಎತ್ತಲೋ ಹೋಗಿದ್ದವು. ಕಾಲಡಿಯಲ್ಲಿ ಸದಾ ಸರಸರ ಎನ್ನುತ್ತಿದ್ದ ಹಿಕ್ಕೆ ಸುಮ್ಮನಿತ್ತು. ಜೀರುಂಡೆಗಳೆಲ್ಲ ಅಂಗಾತ.

ಹೆಂಡತಿ ಬಂಡಮ್ಮ ಎರಡು ಸತ್ತ ಹುಳುಗಳನ್ನು ಅಂಗೈಯಲ್ಲಿಟ್ಟು ತೋರಿಸಿದಳು. "ಇದು ಗಡ್ಡ್ಯಾಗಿಂದು, ಆನಿ ಹಂಗ ಸೊಂಡಿ ಅದ. ಇದು ಗವಿದು, ಸೊಂಡಿ ಎಲ್ಲದ? ಸ್ವಲ್ಪ ಕಣ್ಣು ಬಿಟ್ಟು ನೋಡಬಾರದಾಗಿತ್ತೇನ್ರಿ?"

ಮಲ್ಕಪ್ಪ ಅಂದು ಉಣ್ಣಲಿಲ್ಲ. ವಿಷದ ಹಿಕ್ಕೆಯನ್ನೆಲ್ಲ ಕೆರೆದು ದೂರದಲ್ಲಿ ಹೂತ. ಗವಿಗೆ ಮತ್ತೆ ಜೀವ ತರಲೇಬೇಕೆಂದು ಕಲಬುರಗಿಗೆ ಹೋಗಿ, ಪಾಳುಬಿದ್ದ ಗುಮ್ಮಟವೊಂದರ ಕತ್ತಲೆ ಮೂಲೆಯಿಂದ ಜೀರುಂಡೆಗಳಿದ್ದ ಹಿಕ್ಕೆಯನ್ನು ಊಟದ ಡಬ್ಬಿಗೆ ತುಂಬಿಕೊಂಡ. ಬಸ್ಸಿನಲ್ಲಿ, ಕಪನೂರದ ಕಾರ್ಖಾನೆಯಿಂದ ಮರಳುತ್ತಿದ್ದ ಅವನದೇ ಊರಿನ ಅಕ್ರಮ್ ಪಕ್ಕದಲ್ಲಿ ಕುಳಿತು ಮೂಗು ಮುಚ್ಚಿದ.

"ಡಬ್ಬ್ಯಾಗ ಏನದ ಕಾಕಾ? ಕಾಕಿ ಸಿಟ್ಟಿಲೆ ಅಡಗಿ ಮಾಡ್ಯಾಳೇನು?"

"ಜೀವ ಅದಾವಪಾ. ಮೊಣಕೈ ಬಡೀಬ್ಯಾಡ."

ಅಕ್ರಮ್ ನಕ್ಕ. ಮಲ್ಕಪ್ಪ ಡಬ್ಬಿಯನ್ನು ಎದೆಗೆ ಅವಚಿಕೊಂಡ.

ಗವಿಯಲ್ಲಿ ಸುರಿದಾಗ ಜೀರುಂಡೆಗಳು ಸರಕ್ಕನೆ ತಮ್ಮ ಜೊತೆ ಬಂದ ಹಿಕ್ಕೆಯೊಳಗೆ ಹುದುಗಿದವು. ಆದರೆ ಮೇಲಿನಿಂದ ಹೊಸ ಹಿಕ್ಕೆ ಬೀಳಬೇಕಲ್ಲ? ತಂದದ್ದು ತೀರಿತು. ದೊಡ್ಡ ಹುಳುಗಳು ಮರಿಗಳನ್ನೇ ತಿನ್ನತೊಡಗಿದವು. ಮಲ್ಕಪ್ಪ ಮತ್ತೆ ಕಲಬುರಗಿಗೆ ಹೋದ, ಮತ್ತೂ ಹೋದ.

"ಬಾವಲಿ ತಿರುಗಿ ಬರಲಿಲ್ಲಂದ್ರ?" ಬಂಡಮ್ಮ ಕೇಳಿದಳು, ತೊಳೆದ ಡಬ್ಬಿ ಅವನ ಕೈಗಿಡುತ್ತ.

"ಬರೂತನಕ ಇವು ಉಳೀಬೇಕು. ಇವೂ ಹೋದ್ರ ಅದು ಬರೇ ಕಲ್ಲು."

ಗುಮ್ಮಟದ ಮೂಲೆಯಲ್ಲೂ ಹಿಕ್ಕೆ ತೀರುತ್ತ ಬಂದಿತ್ತು. ಅಲ್ಲಿಂದ ಮರಳಿ ಆ ಸಂಜೆಯೂ ಅವನು ಗವಿಯ ಬಾಯಲ್ಲಿ ಕುಳಿತು ಕತ್ತಲಾಗುವವರೆಗೆ ಆಕಾಶ ನೋಡಿದ. ಒಂದು ರೆಕ್ಕೆಯೂ ಹಾಯಲಿಲ್ಲ. ಒಳಗಿನ ಸರಸರ ಸದ್ದು ನಿನ್ನೆಗಿಂತ ಸಣ್ಣದಾಗಿತ್ತು. ಅವನು ಎದ್ದು ಒಳಗೆ ಹೋಗಿ, ಡಬ್ಬಿಯನ್ನು ಬೋರಲು ಹಾಕಿ ತಳ ಬಡಿದ. ಉದುರಿದ್ದು ಒಂದು ಚಿಟಿಕೆ ಹುಡಿ.