ಮಾಬೂಬಿಯ ಸೆಲ್ಲು

ಮಸ್ಕಿಯ ಮಾಬೂಬಿ ಮದುವೆಯಾದಂದಿನಿಂದ ತುಂಬಿದ ಮನೆಗೆ ಒಬ್ಬಳೇ ಜೋಳದ ರೊಟ್ಟಿ ಬಡಿದವಳು. ಹೋದ ವರ್ಷ ಒಲೆಯ ಮುಂದೆಯೇ ಹೃದಯಾಘಾತವಾಗಿ, ಹೃದಯದ ಒಂದು ಭಾಗ ಸತ್ತೇಹೋಯಿತು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಹೇಳಿದರು: "ನಿಮ್ಮ ಸೊಂಟದ ಎಲುಬಿನ ಮಜ್ಜೆಯಿಂದಲೇ ಸ್ಟೆಮ್ ಸೆಲ್ ತೆಗೆದು ಹೃದಯಕ್ಕೆ ಹಾಕಿ ನೋಡಬಹುದು. ಇನ್ನೂ ಪ್ರಯೋಗ, ಗ್ಯಾರಂಟಿ ಇಲ್ಲ."

ಗಂಡ ಲಾಲ್‌ಸಾಬನಿಗೆ ಸೆಲ್ ಎಂದರೆ ಟಾರ್ಚಿನದು. "ಹೊಸ ಸೆಲ್ ಹಾಕಿದ್ರ ಮೊದ್ಲಿನಂಗ ದುಡೀತಾಳೇನ್ರಿ?" ಎಂದ.

"ಬ್ಯಾಟರಿ ಅಲ್ರೀ, ಜೀವಕಣ. ಆಮೇಲೆ ತಿಂಗಳುಗಟ್ಟಲೆ ಒಲೆ ಮುಂದೆ ಕೂಡಬಾರದು, ಭಾರ ಎತ್ತಬಾರದು."

"ಮತ್ತ ರೊಟ್ಟಿ?"

ಮಾಬೂಬಿ ನಕ್ಕಳು. "ಸೊಂಟದಾಗ ಏನ್ ಉಳದೈತಿ ಅಂತ ತೆಗಿತೀರವ್ವಾ? ಕೊಡ, ಕೂಸು ಹೊತ್ತು ಹೊತ್ತು ಸವದೈತಿ."

ಡಾಕ್ಟರಮ್ಮ ನಗಲಿಲ್ಲ. "ನೀವು ಏನಂತೀರಿ?" ಎಂದು ಅವಳನ್ನೇ ಕೇಳಿದರು. ಅವಳ ಇಷ್ಟವನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಹೂಂ ಎನ್ನಲು ಅವಳು ಬಾಯಿ ತೆರೆದಳು.

"ನಡಿ ಬೇ, ಬಸ್ ಹೊಂಟೈತಿ," ಎಂದು ಲಾಲ್‌ಸಾಬ್ ಎದ್ದೇಬಿಟ್ಟ.

ಸಂಜೆ ಅವಳು ಮನೆ ಸೇರಿದಾಗ ಒಲೆ ಹೊತ್ತಿರಲಿಲ್ಲ. ಎಲ್ಲರೂ ಹಸಿದು ಅವಳ ದಾರಿ ಕಾಯುತ್ತಿದ್ದರು. ಬುರ್ಖಾ ತೆಗೆದಿಟ್ಟು, ಒಂದು ಕೈಯಲ್ಲಿ ಎದೆ ಒತ್ತಿಕೊಂಡು, ಹಿಟ್ಟು ನಾದಲು ಕುಳಿತಳು.