ಇಲ್ಲ ಎನ್ನದ ಪುಟ

ಪುಣೆಯ ರವಿವಾರ ಪೇಟೆಯ ಪಾತ್ರೆ ಅಂಗಡಿಯೊಂದರಲ್ಲಿ ಏಳು ವರ್ಷ ದುಡಿದು ನಾನು ಕಲಿತದ್ದು ಒಂದೇ ಪಾಠ: ಗಿರಾಕಿಗೆ ‘ಇಲ್ಲ’ ಅನ್ನಬಾರದು. ಕೇಳಿದ ಡಬ್ಬಿ ಇಲ್ಲದಿದ್ದರೆ, ಅದು ಈಗಷ್ಟೇ ಹೋಯಿತು, ಅದಕ್ಕಿಂತ ಚಲೋದು ತೋರಿಸುತ್ತೇನೆ, ಕೂತುಕೊಳ್ಳಿ ಅನ್ನಬೇಕು. ನಮ್ಮ ವಿಜಾಪುರದ ಕಡೆ ಮನೆಯಲ್ಲಿ ಅಕ್ಕಿ ತೀರಿದರೂ ‘ಹೆಚ್ಚಾಗಿದೆ’ ಅನ್ನುವ ರೂಢಿ. ಹಾಗಾಗಿ ಈ ಪಾಠ ನನಗೆ ಕಷ್ಟವಾಗಲಿಲ್ಲ. ವ್ಯಾಪಾರಕ್ಕೆ ಇಳಿಯುವವರು ಇದನ್ನು ಕಲಿಯಲೇಬೇಕೆಂದು ಈಗಲೂ ಹೇಳುತ್ತೇನೆ. ಈ ಮಾತನ್ನು ಎಲ್ಲಿ ಆಡಬಾರದು ಎಂಬುದನ್ನು ಮಾತ್ರ ನನಗೆ ಯಾರೂ ಹೇಳಿಕೊಡಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಪಾತ್ರೆ ಬಿಟ್ಟು ವೆಬ್‌ಸೈಟ್ ಮಾರತೊಡಗಿದ್ದೆ. ಸಂಜೆ ಕ್ಲಾಸಿನಲ್ಲಿ ಕಲಿತ ಕಂಪ್ಯೂಟರು ಅಷ್ಟಿಷ್ಟು, ಉಳಿದದ್ದೆಲ್ಲ ನಾಲಿಗೆ. ಒಂದೇ ಸರ್ವರ್ ಬಾಡಿಗೆಗೆ ಹಿಡಿದು ಅದರ ಮೇಲೆ ಸೀರೆ ಅಂಗಡಿ, ಫರ್ನಿಚರ್, ಮಿಠಾಯಿ ಅಂತ ಮೂವತ್ತಕ್ಕೂ ಹೆಚ್ಚು ಸೈಟು ಕೂರಿಸಿದ್ದೆ, ಹಳೆಯ ವಾಡೆಯಲ್ಲಿ ಬಿಡಾರ ಹೂಡಿದ ಸಂಸಾರಗಳ ಹಾಗೆ. ತೆಗೆದುಹಾಕಿದ ಪುಟದ ವಿಳಾಸವನ್ನು ಯಾರಾದರೂ ಒತ್ತಿದರೆ ‘ಪುಟ ಸಿಗಲಿಲ್ಲ’ ಎಂಬ ಅರ್ಥದ ಒಣ ಇಂಗ್ಲಿಷ್ ಸಾಲೊಂದು ಬರುತ್ತಿತ್ತು. ನನಗೆ ಅದು ಗಿರಾಕಿಯ ಮುಖಕ್ಕೆ ಶಟರ್ ಎಳೆದಂತೆ ಕಾಣುತ್ತಿತ್ತು.

ಅದರ ಬದಲಿಗೆ ಒಂದು ಪುಟ ಮಾಡಿದೆ. ಎಲ್ಲರಿಗೂ ಸೇರಿದ ಒಂದು ಫೋಲ್ಡರಿನಲ್ಲಿ ಅದನ್ನಿಟ್ಟು, ಯಾವ ಸೈಟಿನಲ್ಲಿ ಪುಟ ತಪ್ಪಿದರೂ ಅಲ್ಲಿಗೇ ಹೋಗುವಂತೆ ಕಟ್ಟಿದೆ. ತಲೆಯ ಮೇಲೆ ಆಯಾ ಸೈಟಿನ ಹೆಸರು ತಾನಾಗಿಯೇ ಬರುತ್ತಿತ್ತು. ಅದರ ಕೆಳಗೆ ಮರಾಠಿಯಲ್ಲಿ: ‘ನೀವು ಕೇಳಿದ್ದು ಮಾರಾಟವಾಗಿದೆ. ಅದೇ ದರಕ್ಕೆ ಅದಕ್ಕಿಂತ ಒಳ್ಳೆಯದು ನಮ್ಮಲ್ಲಿದೆ, ಕೆಳಗೆ ನೋಡಿ.’ ಇದು ನಿಮ್ಮೊಬ್ಬರಿಗೇ ಮಾಡಿಸಿದ್ದು ಎಂದು ಪ್ರತಿಯೊಬ್ಬ ಅಂಗಡಿ ಮಾಲೀಕನಿಗೂ ಹೇಳಿದೆ. ಒಮ್ಮೆ ಮಾಡಿದ ಕೆಲಸವನ್ನು ಮೂವತ್ತು ಸಲ ಮಾರಿದೆ. ಇದರಲ್ಲಿ ಜಾಣತನವಿಲ್ಲ ಅನ್ನುವವರು ಅಂಗಡಿ ಇಟ್ಟವರಲ್ಲ.

ಆ ಸರ್ವರಿನ ಮೇಲೆ ಅಂಗಡಿಯಲ್ಲದ ಸೈಟೂ ಒಂದಿತ್ತು, ವಧು-ವರ ಕೇಂದ್ರದ್ದು. ಅದನ್ನು ನಡೆಸುತ್ತಿದ್ದ ಅಕ್ಕ ಸ್ವಾರಗೇಟದ ಹಿಂದಿನ ಓಣಿಯವರು, ನಮ್ಮ ಕಡೆಯವರೇ. ನನ್ನ ಮೊದಲ ಗಿರಾಕಿ ಅವರು. ನಮ್ಮ ಹುಡುಗ, ನಂಬಬಹುದು ಎಂದು ಕನ್ನಡದ ವ್ಯಾಪಾರಿಗಳ ಮನೆಮನೆಗೆ ಕರೆದೊಯ್ದವರೂ ಅವರೇ. ಹೊಸ ಪುಟವನ್ನು ಎಲ್ಲ ಸೈಟಿಗೂ ಒಂದೇ ಏಟಿಗೆ ಜೋಡಿಸುವಾಗ ಅವರದೂ ಅದರಲ್ಲಿದೆ ಎಂಬುದು ನನ್ನ ತಲೆಗೆ ಬರಲಿಲ್ಲ.

ಕನ್ನಡದ ಗುಮಾಸ್ತರೊಬ್ಬರ ಮಗಳಿಗೆ ಅಕ್ಕ ಒಂದು ಸಂಬಂಧ ನೋಡಿದ್ದರು. ಹುಡುಗನೂ ಕನ್ನಡದವನೇ, ರಾಂಜಣಗಾಂವದ ಕಾರ್ಖಾನೆಯಲ್ಲಿದ್ದ. ಇಬ್ಬರೂ ಒಪ್ಪಿದ್ದರು, ಇಂದಾಪುರದಲ್ಲಿದ್ದ ಹುಡುಗನ ಚಿಕ್ಕಪ್ಪ, ಎಲ್ಲರ ಬಾಯಲ್ಲಿ ಕಾಕಾ, ಹೂಂ ಅನ್ನುವುದೊಂದೇ ಬಾಕಿ. ಮಾತು ಇಲ್ಲಿಯವರೆಗೆ ಬಂದ ಮೇಲೆ ಬೇರೆಯವರು ಮಗಳ ಫೋಟೊ ನೋಡುವುದು ಬೇಡ ಎಂದರು ತಂದೆ. ಅಕ್ಕ ಫೋನ್ ಮಾಡಿದರು, ನಾನು ಹುಡುಗಿಯ ಪುಟ ತೆಗೆದುಹಾಕಿದೆ. ಎರಡು ದಿನ ಬಿಟ್ಟು ಆ ಕಾಕಾ ತನ್ನ ನೆಂಟರಿಬ್ಬರನ್ನು ಇಂದಾಪುರದ ಸೈಬರ್ ಕೆಫೆಗೆ ಕರೆದೊಯ್ದು, ಚೀಟಿಯಲ್ಲಿ ಬರೆದುಕೊಂಡಿದ್ದ ವಿಳಾಸ ಒತ್ತಿಸಿದ. ಸೊಸೆಯಾಗುವವಳನ್ನು ತೋರಿಸಬೇಕಿತ್ತು ಅವನಿಗೆ. ಮೇಲೆ ಅಕ್ಕನ ಕೇಂದ್ರದ ಹೆಸರು ಬಂತು. ಕೆಳಗೆ, ಮಾರಾಟವಾಗಿದೆ ಎಂಬ ನನ್ನ ಮಾತು.

ಅಕ್ಕನಿಗೆ ಫೋನ್ ಮಾಡಿದ ಕಾಕಾ ಕೂಗಾಡಲಿಲ್ಲವಂತೆ. ಬೇರೆ ಕಡೆ ನಿಶ್ಚಯವಾಗಿದ್ದರೆ ನಮಗೇಕೆ ಹುಡುಗಿ ತೋರಿಸಿದಿರಿ ಎಂದಷ್ಟೇ ಕೇಳಿ ಇಟ್ಟನಂತೆ. ಅಕ್ಕ ಆ ಪುಟವನ್ನು ಪ್ರಿಂಟ್ ತೆಗೆಸಿಕೊಂಡು ನನ್ನ ಆಫೀಸಿಗೆ ಬಂದರು.

“ತಮ್ಮಾ, ಇದನ್ನ ಬರದವರು ಯಾರು?”

ಸರ್ವರ್ ಮುಂಬಯಿಯಲ್ಲಿದೆ, ಅಲ್ಲಿಯವರು ಏನೋ ಎಡವಟ್ಟು ಮಾಡಿದ್ದಾರೆ ಎಂದೆ.

“ಮುಂಬಯಿಯವರಿಗೆ ನನ್ನ ಹೆಸರು ಹ್ಯಾಂಗ ಗೊತ್ತೋ?” ಎಂದು ಅವರು ಕುರ್ಚಿ ಎಳೆದು ಕೂತರು. “ನಾಳೆ ಮುಂಜಾನೆ ನನ್ನ ಜೋಡಿ ಇಂದಾಪುರಕ್ಕ ಬಾ. ನಾನ ಬರದೀನ್ರಿ, ತಪ್ಪು ನಂದದ ಅನ್ನು. ಅಷ್ಟ ಸಾಕು. ಆ ಕಾಕಾ ಹೇಳಿದ್ದು ಕೇಳೋ ಮನಷ್ಯಾ.”

ಅದೇ ವಾರ ಐದು ಅಂಗಡಿಗಳ ಮಿಠಾಯಿ ಮಾಲೀಕನೊಬ್ಬ ನನ್ನೊಂದಿಗೆ ಕರಾರು ಮಾಡುವವನಿದ್ದ. ‘ನಿಮ್ಮೊಬ್ಬರಿಗೇ’ ಅಂದಿದ್ದು ಎಲ್ಲರಿಗೂ ಸೇರಿದ್ದು ಎಂಬ ಸುದ್ದಿ ಪೇಟೆಯಲ್ಲಿ ಹರಡಿದರೆ ನನ್ನ ಗತಿಯೇನು ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಬರುವುದರ ಬದಲು ಲೆಟರ್‌ಹೆಡ್ಡಿನಲ್ಲಿ ಪತ್ರ ಕೊಡುತ್ತೇನೆ, ತಾಂತ್ರಿಕ ದೋಷ ಎಂದು ಬರೆಯುತ್ತೇನೆ, ನಿಮ್ಮ ಸೈಟು ಒಂದು ವರ್ಷ ಪುಕ್ಕಟೆ ಎಂದೆ.

“ಚೌಕಾಶಿ ಮಾಡಾಕ ಇದೇನ್ ಪಾತ್ರಿ ಅಂಗಡಿ ಏನೋ?” ಎಂದರು. ಆದರೂ ಪತ್ರ ತೆಗೆದುಕೊಂಡು ಒಬ್ಬರೇ ಹೋದರು. ಕಾಗದ ಯಾರು ಬೇಕಾದರೂ ಬರೆಯುತ್ತಾರೆ ಎಂದು ಕಾಕಾ ಅದನ್ನು ಬಿಡಿಸಿಯೂ ನೋಡಲಿಲ್ಲವಂತೆ.

ಮಿಠಾಯಿಯವನ ಸಹಿ ಬಿದ್ದ ಮೇಲೆ, ಹದಿನೈದು ದಿನ ತಡವಾಗಿ, ಯಾರಿಗೂ ಹೇಳದೆ ನಾನೇ ಇಂದಾಪುರದ ಬಸ್ಸು ಹತ್ತಿದೆ. ಕಾಕಾ ಚಹಾ ಕೊಟ್ಟು ಪೂರ್ತಿ ಕೇಳಿಸಿಕೊಂಡ. ಒಂದೇ ಪುಟವನ್ನು ಮೂವತ್ತು ಸೈಟಿಗೆ ಹಂಚಿದ್ದು, ಮೇಲಿನ ಹೆಸರು ತಾನಾಗಿ ಬಂದು ಕೂತದ್ದು, ಎಲ್ಲವೂ ಅವನಿಗೆ ಅರ್ಥವಾಯಿತು.

“ಆವತ್ತ ಬಂದಿದ್ರ ಮುಗೀತಿತ್ತು,” ಎಂದ. “ಮೊನ್ನೆ ಶುಕ್ರವಾರ ನಮ್ಮ ಹುಡುಗನ ನಿಶ್ಚಯ ಆತು, ಬ್ಯಾರೆ ಕಡೆ.”

ಆಗ ನಾನು ಎದ್ದು ಬರಬೇಕಿತ್ತು. ಬರಿಗೈಯಲ್ಲಿ ಏಳುವುದು ನನಗೆ ಗೊತ್ತಿರಲಿಲ್ಲ. ನಿಮ್ಮ ಮನೆತನದಲ್ಲಿ ಬೇರೆ ಹುಡುಗರಿದ್ದಾರೆಯೇ, ಇದಕ್ಕಿಂತ ಚಲೋ ನೌಕರಿಯವನಾದರೂ ನಡೆದೀತು ಎಂದೆ. ಅವನು ಚಹಾದ ಬಸಿಯನ್ನು ಕೆಳಗಿಟ್ಟು ಬಾಗಿಲ ಕಡೆ ನೋಡಿದ.

ವಾರದೊಳಗೆ ಅಕ್ಕ ಫೋನ್ ಮಾಡಿದರು.

“ಯಾರನ್ನ ಕೇಳಿ ಹೋದಿ? ಹುಡುಗಿ ಮನಿಯವರು ಆಳು ಕಳಿಸಿ ಇನ್ನೊಂದು ವರ ಕೇಳ್ಯಾರ ಅಂತ ಇಂದಾಪುರದ ತುಂಬ ಮಾತಾಗೇದ. ಅವರಪ್ಪ ನನ್ನ ಮುಂದ ಕೂತು ಅತ್ತು ಹೋದ್ರು. ಮಗಳ ಫೋಟೊ ತಿರುಗಿ ಇಸಗೊಂಡು ಹೋದ್ರು.” ಕಡೆಗೆ, “ನನ್ನ ಹೆಸರು ನಿನ್ನ ಮಷಿನ್ಯಾಗ ಎಲ್ಲೆಲ್ಲಿ ಅದ, ಅಷ್ಟೂ ತಗದು ಹಾಕು,” ಎಂದರು.

ತೆಗೆದೆ. ಅದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಉಳಿದ ಸೈಟುಗಳಲ್ಲಿ ಆ ಪುಟವನ್ನು ಒಂದಕ್ಷರವೂ ಬದಲಿಸದೆ ಹಾಗೇ ಬಿಟ್ಟೆ. ಅದರಿಂದ ಗಿರಾಕಿ ಬರುತ್ತಿದ್ದರು.